ಹಿಮೋಗ್ಲೋಬಿನ್‌ನ ಚಿತ್ರ ಕಟ್ಟುವುದು: ಏನನ್ನು ತೋರಿಸಬೇಕು, ಏನನ್ನು ಬಿಡಬೇಕು

ಪರದೆಯ ಮೇಲಿರುವ ಈ ಬಣ್ಣಬಣ್ಣದ ರಿಬ್ಬನ್ ಸುರುಳಿಗಳನ್ನು ನೀವೆಲ್ಲ ಪಠ್ಯಪುಸ್ತಕಗಳಲ್ಲಿ ನೋಡಿಯೇ ಇರುತ್ತೀರಿ. ಇದು ಹಿಮೋಗ್ಲೋಬಿನ್, ನಮ್ಮ ರಕ್ತದಲ್ಲಿ ಆಕ್ಸಿಜನ್ ಹೊರುವ ಪ್ರೋಟೀನ್. ಇದರ ಅಡ್ಡಗಲ ಸುಮಾರು 6 ನ್ಯಾನೋಮೀಟರ್. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಶುರುವಾಗುವುದೇ 400 ನ್ಯಾನೋಮೀಟರಿನ ಆಸುಪಾಸಿನಲ್ಲಿ. ಬೆಳಕಿನ ಒಂದು ಅಲೆಯ ಉದ್ದಕ್ಕೆ ಇಂಥ ಅರವತ್ತಕ್ಕೂ ಹೆಚ್ಚು ಅಣುಗಳನ್ನು ಸಾಲಾಗಿ ಜೋಡಿಸಬಹುದು. ಹಾಗಾಗಿ ಈ ರೂಪದಲ್ಲಿ ಇದನ್ನು ಯಾರೂ ಕಣ್ಣಾರೆ ಕಂಡಿಲ್ಲ, ಕಾಣುವಂತೆಯೂ ಇಲ್ಲ. ಈ ರಿಬ್ಬನ್ನಾಗಲಿ, ಈ ನೀಲಿ ಬಣ್ಣವಾಗಲಿ ಅಣುವಿನಲ್ಲಿ ಇಲ್ಲ. ಯಾರೋ ಕೂತು ಹೀಗೆ ತೋರಿಸೋಣ ಎಂದು ತೀರ್ಮಾನಿಸಿದ್ದಾರೆ. ಇವತ್ತು ನಾನು ಮಾತಾಡುವುದೆಲ್ಲ ಆ ತೀರ್ಮಾನಗಳ ಬಗ್ಗೆ. ಸಾಫ್ಟ್‌ವೇರ್ ಕಲಿಯುವುದು ಒಂದೆರಡು ದಿನದ ಕೆಲಸ. ಯಾವ ಪ್ರಶ್ನೆಗೆ ಉತ್ತರವಾಗಿ ಚಿತ್ರ ಮಾಡುತ್ತಿದ್ದೇವೆ ಎಂದು ಗೊತ್ತುಮಾಡಿಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ.

ಮೊದಲು ಚಿತ್ರದ ಹಿಂದಿರುವ ಕಡತವನ್ನು ನೋಡೋಣ. ಪ್ರೋಟೀನುಗಳ ರಚನೆಗಳೆಲ್ಲ ಸೇರುವ ಭಂಡಾರಕ್ಕೆ ಪ್ರೋಟೀನ್ ಡೇಟಾ ಬ್ಯಾಂಕ್ ಎಂದು ಹೆಸರು, ಚಿಕ್ಕದಾಗಿ ಪಿಡಿಬಿ. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಶುರುವಾದಾಗ ಅದರಲ್ಲಿದ್ದದ್ದು ಬರೀ 7 ರಚನೆಗಳು. ಇಂದು 2 ಲಕ್ಷ ದಾಟಿದೆ, ಎಲ್ಲವೂ ಉಚಿತ. ಒಂದೊಂದು ರಚನೆಗೂ ನಾಲ್ಕು ಅಕ್ಷರದ ಗುರುತು. ಪರದೆಯ ಮೇಲಿರುವುದು 4ಎಚ್‌ಎಚ್‌ಬಿ. ಆ ಕಡತವನ್ನು ಯಾವುದಾದರೂ ಸಾಮಾನ್ಯ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ನೋಡಿ. ಚಿತ್ರ ಇರುವುದಿಲ್ಲ, ಸಾಲು ಸಾಲು ಅಂಕಿಗಳಿರುತ್ತವೆ. ಒಂದು ಸಾಲಿಗೆ ಒಂದು ಪರಮಾಣು: ಅದರ ಹೆಸರು, ಅದು ಯಾವ ಅಮೈನೋ ಆಮ್ಲದ್ದು (ಪ್ರೋಟೀನ್ ಕಟ್ಟುವ ಮಣಿಯಂಥ ಘಟಕ), ಯಾವ ಸರಪಳಿಯದ್ದು (ಆ ಘಟಕಗಳು ಸಾಲಾಗಿ ಕೂಡಿ ಆದದ್ದು), ಆಮೇಲೆ ಎಕ್ಸ್, ವೈ, ಝಡ್ ಎಂಬ ಮೂರು ಸ್ಥಾನಗಳು, ಆಂಗ್‌ಸ್ಟ್ರಮ್ ಲೆಕ್ಕದಲ್ಲಿ, ಅಂದರೆ ನ್ಯಾನೋಮೀಟರಿನ ಹತ್ತನೇ ಒಂದು ಪಾಲಿನ ಲೆಕ್ಕದಲ್ಲಿ. ಕೊನೆಗೆ ಬಿ-ಫ್ಯಾಕ್ಟರ್ ಎಂಬ ಒಂದು ಅಂಕಿ. ಅದರ ಹತ್ತಿರ ಆಮೇಲೆ ಬರುತ್ತೇನೆ. ಸಾಲಿಗೆ 80 ಅಕ್ಷರ ಎಂಬ ಕಟ್ಟು ಪಂಚ್ ಕಾರ್ಡುಗಳ ಕಾಲದಿಂದ ಬಂದದ್ದು. ಆ ಹಳೆಯ ನಮೂನೆಯಲ್ಲಿ ಪರಮಾಣುಗಳ ಎಣಿಕೆಗೆ ಐದೇ ಮನೆ, ಅಂದರೆ 99,999ಕ್ಕೆ ಎಣಿಕೆ ಮುಗಿಯಿತು. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನಂಥ ದೊಡ್ಡ ಯಂತ್ರ ಅದರಲ್ಲಿ ಹಿಡಿಯುವುದಿಲ್ಲ. ಆದ್ದರಿಂದ ಈಗ ಎಂಎಂಸಿಐಎಫ್ ಎಂಬ ನಮೂನೆ ಬಂದಿದೆ. ಡೌನ್‌ಲೋಡ್ ಮಾಡುವಾಗ ಅದನ್ನೇ ಆರಿಸಿಕೊಳ್ಳಿ.

ಈ ಅಂಕಿಗಳನ್ನು ಕಣ್ಣಿಗೆ ಕಾಣುವಂತೆ ಮಾಡುವ ಪಾಡು ಕಂಪ್ಯೂಟರಿಗಿಂತ ಹಳೆಯದು. ಕೇಂಬ್ರಿಜ್‌ನಲ್ಲಿ ಜಾನ್ ಕೆಂಡ್ರ್ಯೂ 1958ರಲ್ಲಿ, ಪ್ರೋಟೀನಿನ ಹರಳಿಗೆ ಎಕ್ಸ್‌ರೇ ಹಾಯಿಸಿ, ಸ್ನಾಯುಗಳಲ್ಲಿ ಆಕ್ಸಿಜನ್ ಇಟ್ಟುಕೊಳ್ಳುವ ಮಯೋಗ್ಲೋಬಿನ್‌ನ ರಚನೆಯನ್ನು ಮೊದಲ ಬಾರಿ ಕಂಡಾಗ ಪರಮಾಣುಗಳು ಬಿಡಿಬಿಡಿಯಾಗಿ ಕಾಣುತ್ತಿರಲಿಲ್ಲ. ಅವರು ಪ್ಲಾಸ್ಟಿಸಿನ್‌ನಲ್ಲಿ ಸುತ್ತಿಕೊಂಡ ಕರುಳಿನಂಥ ಒಂದು ಮಾದರಿ ಮಾಡಿದರು. ಎರಡು ವರ್ಷದಲ್ಲಿ ಇನ್ನೂ ಸ್ಪಷ್ಟವಾದ ನಕ್ಷೆ ಸಿಕ್ಕಿತು. ಆಗ ಸುಮಾರು 2,500 ಉಕ್ಕಿನ ಸರಳುಗಳನ್ನು ನೆಟ್ಟು, ಒಂದು ಆಂಗ್‌ಸ್ಟ್ರಮಿಗೆ 5 ಸೆಂಟಿಮೀಟರ್ ಅಳತೆಯಲ್ಲಿ, ಸರಳುಗಳ ಮೇಲೆ ಬಣ್ಣದ ಕ್ಲಿಪ್ಪುಗಳನ್ನು ಸಿಕ್ಕಿಸಿ ಅಣುವನ್ನು ಕಟ್ಟಿದರು. ಕೋಣೆ ತುಂಬುವ ಮಾದರಿ. ಎಲ್ಲ ಪರಮಾಣುವೂ ಇತ್ತು, ಆದರೆ ಸರಳುಗಳ ಕಾಡಿನ ನಡುವೆ ಅಣುವಿನ ಆಕಾರ ಗ್ರಹಿಸುವುದೇ ಕಷ್ಟ. ಹಿಮೋಗ್ಲೋಬಿನ್ ಬಿಡಿಸಿದ ಮ್ಯಾಕ್ಸ್ ಪೆರುಟ್ಸ್ ಮತ್ತು ಕೆಂಡ್ರ್ಯೂ ಇಬ್ಬರಿಗೂ 1962ರಲ್ಲಿ ನೊಬೆಲ್ ಬಂತು.

ಆಕಾರ ಗ್ರಹಿಸುವ ದಾರಿ ತೋರಿಸಿದವರು ಜೇನ್ ರಿಚರ್ಡ್‌ಸನ್. ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಒಂದೊಂದೇ ಪ್ರೋಟೀನನ್ನು ಕೈಯಲ್ಲೇ ಬಿಡಿಸುತ್ತ ಹೋದರು: ಆಲ್ಫಾ ಹೆಲಿಕ್ಸ್ ಅಂದರೆ ಸುರುಳಿ ಸುತ್ತಿದ ರಿಬ್ಬನ್, ಬೀಟಾ ಎಳೆ ಅಂದರೆ ಬಾಣ, ಉಳಿದದ್ದು ಹಗ್ಗ. 1981ರಲ್ಲಿ ಅವು ಒಟ್ಟಾಗಿ ಪ್ರಕಟವಾದವು. ಇವತ್ತು ನಾವು ಸಾಫ್ಟ್‌ವೇರಿನಲ್ಲಿ ‘ಕಾರ್ಟೂನ್’ ಎಂದು ಒತ್ತಿದಾಗ ಬರುವುದು ಅವರ ಕೈಬರಹವೇ. ಊರಿನ ನಕಾಶೆಯಲ್ಲಿ ರಸ್ತೆ ಮಾತ್ರ ಬರೆದು ಮನೆಗಳನ್ನು ಬಿಟ್ಟ ಹಾಗೆ, ಸರಪಳಿಯ ಉದ್ದಕ್ಕೂ ಸಾಗುವ ಬೆನ್ನೆಲುಬಿನ ದಾರಿ ಮಾತ್ರ ಉಳಿಸಿಕೊಂಡು, ಅದರಿಂದ ಹೊರಚಾಚಿದ ಪಕ್ಕದ ಗುಂಪುಗಳನ್ನೆಲ್ಲ ಅವರು ಕೈಬಿಟ್ಟರು. ಬಿಟ್ಟದ್ದರಿಂದಲೇ ಆಕಾರ ಕಂಡಿತು. ಅವರು ಏನು ಮಾಡಿದರು ಎನ್ನುವುದಕ್ಕಿಂತ ಏನು ಮಾಡದೆ ಬಿಟ್ಟರು ಎನ್ನುವುದನ್ನು ನಾನು ಹೆಚ್ಚು ಗೌರವಿಸುತ್ತೇನೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ನಮ್ಮ ಪೈಕಿಯವರ ಹೆಸರು ಬರಬೇಕಾದ ಜಾಗ ಇದು. ಆ ಬೆನ್ನೆಲುಬು ಮನಸ್ಸಿಗೆ ಬಂದ ಹಾಗೆಲ್ಲ ತಿರುಗುವುದಿಲ್ಲ. ಪ್ರತಿ ಅಮೈನೋ ಆಮ್ಲದ ಹತ್ತಿರ ಫೈ, ಸೈ ಎಂಬ ಎರಡು ತಿರುವು ಕೋನಗಳಿವೆ. ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯದಂತೆ ಇರಬೇಕಾದರೆ ಆ ಕೋನಗಳ ಕೆಲವೇ ಜೋಡಿಗಳು ಸಾಧ್ಯ. ಇದನ್ನು ನಕ್ಷೆಯಾಗಿ ತೋರಿಸಿದವರು ಮದ್ರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್, 1963ರಲ್ಲಿ. ಆಮೇಲೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಇಂದಿಗೂ ಪಿಡಿಬಿಗೆ ಸೇರುವ ರಚನೆಗಳನ್ನು ರಾಮಚಂದ್ರನ್ ನಕ್ಷೆಗೆ ಹಿಡಿದು ನೋಡುತ್ತಾರೆ. ಚಿತ್ರ ಮಾಡಲು ಕೂರುವ ಮೊದಲು ಆ ರಚನೆಯ ಪುಟದಲ್ಲಿರುವ ಪರಿಶೀಲನಾ ವರದಿಯನ್ನು ತೆರೆಯಿರಿ. ನೀವು ದೊಡ್ಡದಾಗಿ ತೋರಿಸಬೇಕೆಂದಿರುವ ಅಮೈನೋ ಆಮ್ಲವೇ ಆ ನಕ್ಷೆಯಲ್ಲಿ ಹೊರಗೆ ಬಿದ್ದಿದ್ದರೆ ಅಲ್ಲಿನ ಮಾದರಿ ಸಂಶಯದ್ದು, ಅದರ ಮೇಲೆ ಕತೆ ಕಟ್ಟಬೇಡಿ.

ಸಾಫ್ಟ್‌ವೇರ್ ಯಾವುದು ಎಂದು ಎಲ್ಲರೂ ಕೇಳುತ್ತೀರಿ. ವಾರನ್ ಡಿಲೇನೊ 2000ನೇ ಇಸವಿಯಲ್ಲಿ ಹೊರತಂದ ಪೈಮಾಲ್ ಇದೆ, ಅದರ ಮುಕ್ತ ಆವೃತ್ತಿ ಉಚಿತ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಶಾಖೆಯ ಕೈಮೆರಾಎಕ್ಸ್ ಇದೆ, ಓದು ಮತ್ತು ಸಂಶೋಧನೆಗೆ ದುಡ್ಡಿಲ್ಲ. ಅಣುಗಳ ಚಲನೆಯ ಸಿಮ್ಯುಲೇಷನ್ ನೋಡುವವರು ವಿಎಂಡಿ ಹಿಡಿಯುತ್ತಾರೆ. ನಿಮ್ಮ ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಚಿಂತೆ ಬೇಡ, ಮೋಲ್‌ಸ್ಟಾರ್ ಬ್ರೌಸರಿನಲ್ಲೇ ನಡೆಯುತ್ತದೆ, ಪಿಡಿಬಿಯ ಪುಟದಲ್ಲೇ ಇದೆ. ನಾನು ಪೈಮಾಲ್‌ನಲ್ಲಿ ತೋರಿಸುತ್ತೇನೆ. ಆಜ್ಞೆಗಳನ್ನು ಉಚ್ಚಾರದಂತೆ ಹೇಳುತ್ತೇನೆ, ನೀವು ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಳ್ಳಿ.

‘ಫೆಚ್ 4ಎಚ್‌ಎಚ್‌ಬಿ’ ಎಂದೆ. ಆಕ್ಸಿಜನ್ ಇಲ್ಲದ ಮನುಷ್ಯ ಹಿಮೋಗ್ಲೋಬಿನ್ ಬಂತು, ಪೂರ್ತಿ ಹಸಿರು. ಅಲ್ಲಲ್ಲಿ ಕೆಂಪು ಚುಕ್ಕೆಗಳಂತೆ ಕಾಣುವುದು ಹರಳಿನಲ್ಲಿ ಸಿಕ್ಕಿಕೊಂಡ ನೀರು. ನೀರಿನ ಬಗ್ಗೆ ಮಾತಿಲ್ಲದಿದ್ದರೆ ‘ರಿಮೂವ್ ಸಾಲ್ವೆಂಟ್’. ಇಲ್ಲಿ ನಾಲ್ಕು ಸರಪಳಿಗಳಿವೆ. ಎ ಮತ್ತು ಸಿ ಆಲ್ಫಾ (ಇದು ಸರಪಳಿಯ ಹೆಸರು, ಆಲ್ಫಾ ಹೆಲಿಕ್ಸ್ ಅಲ್ಲ), ಒಂದೊಂದರಲ್ಲಿ 141 ಅಮೈನೋ ಆಮ್ಲ. ಬಿ ಮತ್ತು ಡಿ ಬೀಟಾ, ಒಂದೊಂದರಲ್ಲಿ 146. ನಾಲ್ಕಕ್ಕೂ ಹೀಮ್ ಎಂಬ ಒಂದೊಂದು ಚಪ್ಪಟೆ ಗುಂಪು, ಹೀಮಿನ ನಡುವೆ ಆಕ್ಸಿಜನ್ ಹಿಡಿಯುವ ಒಂದು ಕಬ್ಬಿಣ. ಸಾಮಾನ್ಯವಾಗಿ ಎಲ್ಲರೂ ಇಲ್ಲಿ ನಾಲ್ಕು ಸರಪಳಿಗೆ ನಾಲ್ಕು ಬಣ್ಣ ಬಳಿಯುತ್ತಾರೆ. ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಎ ಮತ್ತು ಸಿ ಒಂದೇ ಬಗೆಯವು ಎನ್ನುವ ಸಂಗತಿ ಆ ಬಣ್ಣದಲ್ಲಿ ಮುಚ್ಚಿಹೋಯಿತು. ನಾನಾದರೆ ಆಲ್ಫಾಗಳಿಗೆ ಒಂದು ಬಣ್ಣದ ಎರಡು ಛಾಯೆ, ಬೀಟಾಗಳಿಗೆ ಇನ್ನೊಂದು ಬಣ್ಣದ ಎರಡು ಛಾಯೆ ಕೊಡುತ್ತೇನೆ. ನೋಡುವವರಿಗೆ ನಾವು ಬಾಯಿ ಬಿಡದೆಯೇ ಅರ್ಧ ಪಾಠ ಆಗುತ್ತದೆ. ಕೆಂಪು ಮತ್ತು ಹಸಿರನ್ನು ಎದುರುಬದುರು ಇಡಬೇಡಿ, ಆ ಎರಡರ ನಡುವೆ ಭೇದ ಕಾಣದವರು ಪ್ರತಿ ಸಭೆಯಲ್ಲೂ ಇರುತ್ತಾರೆ, ಗಂಡಸರಲ್ಲಿ ಹೆಚ್ಚು.

ಈಗ ಆಕ್ಸಿಜನ್ ಹಿಡಿದ ರೂಪ ಬೇಕು. ‘ಫೆಚ್ 1ಎಚ್‌ಎಚ್‌ಒ’. ನೋಡಿ, ಬಂದದ್ದು ಎರಡೇ ಸರಪಳಿ! ಉಳಿದರ್ಧ ಎಲ್ಲಿ? ಕಡತದಲ್ಲಿ ತಪ್ಪಿಲ್ಲ. ಹರಳಿನಲ್ಲಿ ಒಂದೇ ಘಟಕ ಮತ್ತೆ ಮತ್ತೆ ಬರುತ್ತದೆ, ಆದ್ದರಿಂದ ವಿಜ್ಞಾನಿಗಳು ಪುನರಾವರ್ತನೆಯಾಗದ ಕನಿಷ್ಠ ಭಾಗವನ್ನು ಮಾತ್ರ ದಾಖಲಿಸುತ್ತಾರೆ. ಈ ಹರಳಿನಲ್ಲಿ ಆ ಕನಿಷ್ಠ ಭಾಗ ಅರ್ಧ ಹಿಮೋಗ್ಲೋಬಿನ್. ದೇಹದಲ್ಲಿ ಅಣು ಇರುವ ಪೂರ್ಣ ರೂಪಕ್ಕೆ ಬಯಲಾಜಿಕಲ್ ಅಸೆಂಬ್ಲಿ ಎನ್ನುತ್ತಾರೆ, ಅದನ್ನು ಬೇರೆಯಾಗಿ ಕೇಳಿ ಪಡೆಯಬೇಕು. ಪೈಮಾಲ್‌ನಲ್ಲಿ ‘ಸೆಟ್ ಅಸೆಂಬ್ಲಿ, 1’ ಎಂದು ಮೊದಲೇ ಕೊಟ್ಟು ಆಮೇಲೆ ಫೆಚ್ ಮಾಡಿ. ಎರಡು ಪ್ರತಿಗಳು ಬೇರೆ ಬೇರೆ ಸ್ಟೇಟುಗಳಲ್ಲಿ, ಅಂದರೆ ಒಂದಾದ ಮೇಲೊಂದು ಬರುವ ಚೌಕಟ್ಟುಗಳಲ್ಲಿ, ಬಂದು ಒಂದೇ ಕಾಣುತ್ತಿದ್ದರೆ ‘ಆಲ್ ಸ್ಟೇಟ್ಸ್’ ಆನ್ ಮಾಡಿ. ಮೋಲ್‌ಸ್ಟಾರಿನಲ್ಲಿ ಇದಕ್ಕೆ ಮೆನುವೇ ಇದೆ. ಇದರ ಉಲ್ಟಾ ಕೂಡ ಆಗುತ್ತದೆ, ಒಂಟಿ ಪ್ರೋಟೀನು ಕಡತದಲ್ಲಿ ಎರಡೋ ನಾಲ್ಕೋ ಪ್ರತಿಯಾಗಿ ಕೂತಿರುತ್ತದೆ. ಪರದೆಯ ಮೇಲೆ ಎಷ್ಟು ಬಂತೋ ಅಷ್ಟೇ ಅಣು ಎಂದು ನಂಬಬೇಡಿ.

ಎರಡೂ ರೂಪ ಕೈಗೆ ಬಂದವು. ಆಕ್ಸಿಜನ್ ಹಿಡಿದಾಗ ಹಿಮೋಗ್ಲೋಬಿನ್ ಆಕಾರ ಬದಲಿಸುತ್ತದೆ ಎಂದು ಓದಿದ್ದೀರಿ, ಅದನ್ನು ತೋರಿಸೋಣ. ಸಹಜವಾಗಿ ಏನು ಮಾಡುತ್ತೇವೆ? ಇಡೀ ಅಣುವನ್ನು ಇಡೀ ಅಣುವಿನ ಮೇಲೆ ಕೂರಿಸುತ್ತೇವೆ. ಆಗ ಸಾಫ್ಟ್‌ವೇರ್ ವ್ಯತ್ಯಾಸವನ್ನು ಎಲ್ಲ ಕಡೆಗೂ ಸಮನಾಗಿ ಹಂಚಿಬಿಡುತ್ತದೆ, ಎಲ್ಲವೂ ಸ್ವಲ್ಪ ಸ್ವಲ್ಪ ಅದುರಿದಂತೆ ಕಾಣುತ್ತದೆ, ಏನೂ ತಿಳಿಯುವುದಿಲ್ಲ. ಬದಲಿಗೆ ಒಂದು ಆಲ್ಫಾ-ಬೀಟಾ ಜೋಡಿಯನ್ನು ಮಾತ್ರ ಅದೇ ಜೋಡಿಯ ಮೇಲೆ ಕೂರಿಸಿ. ಆ ಅರ್ಧ ಬಹುಪಾಲು ಒಂದರ ಮೇಲೊಂದು ಕೂರುತ್ತದೆ, ಇನ್ನೊಂದು ಅರ್ಧ ಸುಮಾರು 15 ಡಿಗ್ರಿ ತಿರುಗಿ ನಿಲ್ಲುತ್ತದೆ. ಪೆರುಟ್ಸ್ ಬಾಳಿನುದ್ದಕ್ಕೂ ಬೆನ್ನು ಹತ್ತಿದ್ದ ಚಲನೆ ಅದು, ನಿಮ್ಮ ಕಣ್ಣೆದುರು ಬಂತು. ಯಾವುದನ್ನು ಕದಲದಂತೆ ಹಿಡಿಯುತ್ತೀರಿ ಎನ್ನುವುದರ ಮೇಲೆ ಯಾವುದು ಕದಲಿದಂತೆ ಕಾಣುತ್ತದೆ ಎನ್ನುವುದು ನಿಂತಿದೆ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಚಿತ್ರಕ್ಕೆ ಬರುತ್ತೇನೆ. ಸಿಕಲ್ ಸೆಲ್ ರೋಗ ನಮಗೆ ದೂರದ್ದಲ್ಲ. ಚಾಮರಾಜನಗರ, ಮೈಸೂರು ಸೀಮೆಯ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲೂ ಇದೆ. ಕೇಂದ್ರ ಸರ್ಕಾರ 2023ರಲ್ಲಿ ಇದರ ನಿರ್ಮೂಲನೆಗೆಂದೇ ರಾಷ್ಟ್ರೀಯ ಅಭಿಯಾನ ಶುರುಮಾಡಿದೆ. ಇದು ಅಣುವಿನ ರೋಗ ಎಂದು 1949ರಲ್ಲಿ ಲೈನಸ್ ಪೌಲಿಂಗ್ ತಂಡ ತೋರಿಸಿತು. 1957ರ ಹೊತ್ತಿಗೆ ವರ್ನನ್ ಇಂಗ್ರಾಮ್ ವ್ಯತ್ಯಾಸವನ್ನು ಬೆರಳಿಟ್ಟು ತೋರಿಸಿದರು: ಬೀಟಾ ಸರಪಳಿಯ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್. ನೀರಿನ ಜೊತೆ ಬೆರೆಯುವ, ಋಣ ವಿದ್ಯುದಂಶದ ಒಂದು ಗುಂಪಿನ ಜಾಗದಲ್ಲಿ ನೀರನ್ನು ದೂರ ಮಾಡುವ, ಎಣ್ಣೆಯ ಗುಣದ ಗುಂಪು. ಒಟ್ಟು 574 ಅಮೈನೋ ಆಮ್ಲಗಳಲ್ಲಿ ಎರಡು ಬದಲಾದವು. ಅಷ್ಟಕ್ಕೇ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಯಾಕೆ? ಈ ಪ್ರಶ್ನೆಗೆ ಚಿತ್ರದಲ್ಲಿ ಉತ್ತರ ಬೇಕು.

‘ಫೆಚ್ 2ಎಚ್‌ಬಿಎಸ್’. ಇದು ಆಕ್ಸಿಜನ್ ಇಲ್ಲದ ಸಿಕಲ್ ಹಿಮೋಗ್ಲೋಬಿನ್, 2.05 ಆಂಗ್‌ಸ್ಟ್ರಮ್ ರೆಸಲ್ಯೂಷನ್ (ಎಷ್ಟು ಸಣ್ಣ ವಿವರದವರೆಗೆ ಕಾಣುತ್ತದೆ ಎಂಬ ಅಳತೆ). ಈ ಕಡತದಲ್ಲಿ ಪೂರ್ತಿ ಎರಡು ಹಿಮೋಗ್ಲೋಬಿನ್ ಅಣುಗಳಿವೆ. ಎ, ಬಿ, ಸಿ, ಡಿ ಒಂದು, ಇ, ಎಫ್, ಜಿ, ಎಚ್ ಇನ್ನೊಂದು. ಮೊದಲು ಎಲ್ಲವನ್ನೂ ಕಾರ್ಟೂನ್ ಮಾಡಿ ತಿಳಿ ಬೂದು ಬಳಿದುಬಿಡಿ. ಆಮೇಲೆ ಬೀಟಾ ಸರಪಳಿಗಳ 6ನೇ ವ್ಯಾಲಿನ್‌ಗಳನ್ನು ಮಾತ್ರ ಆರಿಸಿ ಗೋಲಗಳಾಗಿ ತೋರಿಸಿ, ಗಾಢ ಬಣ್ಣ ಕೊಡಿ. ಈಗ ನಿಧಾನವಾಗಿ ತಿರುಗಿಸಿ. ಎರಡು ಅಣುಗಳು ತಾಕುವ ಜಾಗದಲ್ಲಿ ಒಂದು ವ್ಯಾಲಿನ್ ಪಕ್ಕದ ಅಣುವಿನೊಳಗೆ ತೂರಿಕೊಂಡಿರುವುದು ಕಾಣುತ್ತದೆ. ಒಂದೊಂದು ಅಣುವಿನಲ್ಲೂ ಎರಡು ವ್ಯಾಲಿನ್ ಇದ್ದರೂ ಹೀಗೆ ಪಕ್ಕದ ಅಣುವನ್ನು ಹಿಡಿಯುವುದು ಒಂದೇ. ಅಲ್ಲಿಗೆ ಝೂಮ್ ಮಾಡಿ, ಅದರಿಂದ 5 ಆಂಗ್‌ಸ್ಟ್ರಮ್ ಒಳಗೆ ಪಕ್ಕದ ಅಣುವಿನದು ಏನೇನಿದೆ ಎಂದು ಆರಿಸಿ, ಕಡ್ಡಿಗಳಾಗಿ ತೋರಿಸಿ. ಪಕ್ಕದ ಬೀಟಾ ಸರಪಳಿಯ 85ನೇ ಫಿನೈಲ್‌ಅಲನಿನ್ ಮತ್ತು 88ನೇ ಲ್ಯೂಸಿನ್ ಎದ್ದು ಕಾಣುತ್ತವೆ. ಎರಡೂ ಎಣ್ಣೆಯ ಗುಣದವೇ. ಆ ಎರಡರ ನಡುವಿನ ಗುಳಿಯಲ್ಲಿ ವ್ಯಾಲಿನ್ ಕೂತಿದೆ.

ಗುಳಿ ಎಂದೆ, ಆದರೆ ಕಡ್ಡಿಗಳಲ್ಲಿ ಗುಳಿ ಕಾಣುವುದಿಲ್ಲ, ಅದಕ್ಕೆ ಸರ್ಫೇಸ್, ಅಂದರೆ ಅಣುವಿನ ಹೊರಮೈ, ಬೇಕು. ಇಲ್ಲೊಂದು ಸೂಕ್ಷ್ಮ ಇದೆ, ಗಮನವಿಟ್ಟು ನೋಡಿ. ಈಗಲೇ ‘ಶೋ ಸರ್ಫೇಸ್’ ಎಂದರೆ ಪೈಮಾಲ್ ಎರಡು ಅಣುಗಳನ್ನೂ ಒಂದೇ ವಸ್ತುವೆಂದು ಭಾವಿಸಿ ಹೊರಗಿನಿಂದ ಒಂದೇ ಹೊದಿಕೆ ಹಾಕುತ್ತದೆ. ವ್ಯಾಲಿನ್ ಆ ಹೊದಿಕೆಯ ಒಳಗೆ ಹುಗಿದುಹೋಗುತ್ತದೆ, ಯಾವುದನ್ನು ತೋರಿಸಬೇಕಿತ್ತೋ ಅದೇ ಮಾಯ. ಆದ್ದರಿಂದ ‘ಕ್ರಿಯೇಟ್’ ಆಜ್ಞೆಯಿಂದ ಎರಡು ಅಣುಗಳನ್ನೂ ಬೇರೆ ಬೇರೆ ವಸ್ತುಗಳನ್ನಾಗಿ ಮಾಡಿಕೊಳ್ಳಿ. ಗುಳಿ ಇರುವ ಅಣುವಿಗೆ ಮಾತ್ರ ಸರ್ಫೇಸ್ ಹಾಕಿ, ವ್ಯಾಲಿನ್ ಇರುವುದನ್ನು ಕಾರ್ಟೂನಿನಲ್ಲೇ ಬಿಡಿ. ಈಗ ನೋಡಿ, ನುಣುಪಾದ ಮೇಲ್ಮೈ, ಅದರಲ್ಲೊಂದು ತಗ್ಗು, ತಗ್ಗಿನೊಳಗೆ ವ್ಯಾಲಿನ್‌ನ ಮೂತಿ. ಸರ್ಫೇಸನ್ನು ಸ್ವಲ್ಪ ಪಾರದರ್ಶಕ ಮಾಡಿ, 0.3ರಷ್ಟು, ಆಗ 85 ಮತ್ತು 88ನೇ ಜಾಗದ ಗುಂಪುಗಳು ಒಳಗಿನಿಂದ ಕಾಣುತ್ತವೆ. ಅದಕ್ಕಿಂತ ಹೆಚ್ಚು ಪಾರದರ್ಶಕ ಮಾಡಿದರೆ ಎಲ್ಲ ಮಂಜುಮಂಜಾಗುತ್ತದೆ.

ಈ ಗುಳಿ ಆಕ್ಸಿಜನ್ ಇಲ್ಲದ ರೂಪದಲ್ಲಿ ಮಾತ್ರ ಹೊರಗೆ ತೆರೆದುಕೊಂಡಿರುತ್ತದೆ. ಆಕ್ಸಿಜನ್ ಹಿಡಿದಾಗ ವ್ಯಾಲಿನ್‌ಗೆ ಅಲ್ಲಿ ಜಾಗ ಸಿಗುವುದಿಲ್ಲ. ಅದಕ್ಕೇ ಆಕ್ಸಿಜನ್ ಬಿಟ್ಟುಕೊಟ್ಟ ಮೇಲೆ ಅಣುಗಳು ಒಂದಕ್ಕೊಂದು ಕಚ್ಚಿಕೊಂಡು ಎಳೆಗಳಾಗುತ್ತವೆ, ಹದಿನಾಲ್ಕು ಎಳೆ ಸೇರಿ ಹುರಿಯಾಗುತ್ತದೆ, ಆ ಹುರಿಗಳು ಕಣವನ್ನು ಬಾಗಿಸುತ್ತವೆ. ಆಶಾ ಕಾರ್ಯಕರ್ತೆಯರ ತರಬೇತಿಗೆ ಒಂದು ಚಿತ್ರ ಬೇಕು ಎಂದಿಟ್ಟುಕೊಳ್ಳಿ. ಅಲ್ಲಿಗೆ ಕಡ್ಡಿಯೂ ಬೇಡ, 85, 88 ಅಂಕಿಗಳೂ ಬೇಡ. ಎರಡು ಅಣು, ಒಂದು ಉಬ್ಬು, ಒಂದು ತಗ್ಗು ಸಾಕು. ಎಂಎಸ್ಸಿ ತರಗತಿಗೆ ಅದೇ ದೃಶ್ಯವನ್ನು ಹತ್ತಿರದಿಂದ, ಹೆಸರು ಬರೆದು ತೋರಿಸಬೇಕು. ಕಡತ ಒಂದೇ, ಚಿತ್ರ ಎರಡು, ಎರಡೂ ನಿಜ.

ಚುಕ್ಕೆ ಗೆರೆಗಳ ಬಗ್ಗೆ ಒಂದು ಮಾತು. ಹತ್ತಿರ ಇರುವ ಯಾವ ಎರಡು ಪರಮಾಣುಗಳನ್ನು ಒತ್ತಿದರೂ ಸಾಫ್ಟ್‌ವೇರ್ ನಡುವೆ ಹಳದಿ ಚುಕ್ಕೆ ಗೆರೆ ಎಳೆದು ದೂರ ಬರೆಯುತ್ತದೆ. ಅದನ್ನು ಹೈಡ್ರೋಜನ್ ಬಂಧ ಎಂದು ಎಲ್ಲರೂ ಓದಿಕೊಳ್ಳುತ್ತಾರೆ. ವ್ಯಾಲಿನ್ ಇಲ್ಲಿ ಹೈಡ್ರೋಜನ್ ಬಂಧ ಮಾಡುತ್ತಿಲ್ಲ, ನೀರಿನಿಂದ ತಪ್ಪಿಸಿಕೊಂಡು ಕೂತಿದೆ ಅಷ್ಟೆ. ಇಲ್ಲಿ ಗೆರೆ ಎಳೆದರೆ ಸುಳ್ಳು ಹೇಳಿದಂತೆ. ಇನ್ನು ಈ ರೆಸಲ್ಯೂಷನ್‌ನಲ್ಲಿ ಎಕ್ಸ್‌ರೇಗೆ ಹೈಡ್ರೋಜನ್ ಕಾಣುವುದೇ ಇಲ್ಲ. ನಿಜವಾದ ಹೈಡ್ರೋಜನ್ ಬಂಧ ತೋರಿಸುವಾಗಲೂ ದಾನಿ ಯಾವುದು, ಪಡೆಯುವುದು ಯಾವುದು, ಕೋನ ಸರಿ ಇದೆಯೆ ಎಂದು ನೋಡಿ ಗೆರೆ ಹಾಕಿ.

ಅಮೈನೋ ಆಮ್ಲಗಳ ಸಾಲಿನಿಂದಲೇ ರಚನೆ ಊಹಿಸುವ ಕೃತಕ ಬುದ್ಧಿಮತ್ತೆಯ ಸಾಧನ ಆಲ್ಫಾಫೋಲ್ಡ್ ಬಗ್ಗೆ ಕೇಳುತ್ತೀರೆಂದು ಗೊತ್ತು. ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ 2024ರ ನೊಬೆಲ್‌ನಲ್ಲಿ ಪಾಲು ತಂದ ಕೆಲಸ ಅದು, 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹಿತ ರಚನೆ ಅದರ ಭಂಡಾರದಲ್ಲಿದೆ. ಧಾರಾಳವಾಗಿ ಬಳಸಿ. ಆದರೆ ಅಲ್ಲಿಂದ ಮನುಷ್ಯನ ಬೀಟಾ ಗ್ಲೋಬಿನ್, ಅಂದರೆ ಹಿಮೋಗ್ಲೋಬಿನ್‌ನ ಬೀಟಾ ಸರಪಳಿ, ತೆಗೆದರೆ ಒಂದೇ ಸರಪಳಿ ಬರುತ್ತದೆ, ಹೀಮ್ ಇರುವುದಿಲ್ಲ; ಹೀಮ್ ಕೂರುವ ಜಾಗ ಖಾಲಿ. ಎಣಿಕೆಯೂ ಬೇರೆ. ಅದು ಮೊದಲ ಅಮೈನೋ ಆಮ್ಲವಾದ ಮಿಥಿಯೋನಿನ್‌ನಿಂದ ಎಣಿಸುತ್ತದೆ, ದೇಹದಲ್ಲಿ ಆ ಮಿಥಿಯೋನಿನ್ ಕತ್ತರಿಸಿಹೋಗಿರುತ್ತದೆ. ಹಾಗಾಗಿ ಸಿಕಲ್ ಸೆಲ್‌ನ 6ನೇ ಜಾಗ ಅಲ್ಲಿ 7ನೆಯದು. ಇನ್ನೂ ದೊಡ್ಡ ಗುಂಡಿ ಆಗಲೇ ಹೇಳಿದ ಬಿ-ಫ್ಯಾಕ್ಟರ್ ಕಾಲಮ್ಮಿನಲ್ಲಿದೆ. ಎಕ್ಸ್‌ರೇ ರಚನೆಯಲ್ಲಿ ಆ ಅಂಕಿ ಹೆಚ್ಚಾದಷ್ಟೂ ಪರಮಾಣುವಿನ ಜಾಗ ಅಸ್ಪಷ್ಟ. ಆಲ್ಫಾಫೋಲ್ಡ್ ಅದೇ ಕಾಲಮ್ಮಿನಲ್ಲಿ ತನ್ನ ನಂಬಿಕೆಯ ಅಂಕ ಬರೆಯುತ್ತದೆ, ಅಲ್ಲಿ ಹೆಚ್ಚಾದಷ್ಟೂ ಒಳ್ಳೆಯದು, 90 ದಾಟಿದರೆ ಬಲು ಗಟ್ಟಿ, 50ಕ್ಕಿಂತ ಕೆಳಗಾದರೆ ನಂಬಬಾರದು. ಒಂದೇ ‘ಸ್ಪೆಕ್ಟ್ರಮ್ ಬಿ’ ಆಜ್ಞೆ ಎರಡಕ್ಕೂ ಹಾಕಿ ಪಕ್ಕಪಕ್ಕ ಇಟ್ಟರೆ ಒಂದರ ಕೆಂಪಿಗೂ ಇನ್ನೊಂದರ ಕೆಂಪಿಗೂ ತದ್ವಿರುದ್ಧ ಅರ್ಥ. 50ಕ್ಕಿಂತ ಕೆಳಗಿನ ಉದ್ದುದ್ದ ಬಾಲಗಳನ್ನು ನಿಜವಾದ ಆಕಾರವೆಂಬಂತೆ ಪೋಸ್ಟರಿನಲ್ಲಿ ಹಾಕಬೇಡಿ.

ಚಿತ್ರವನ್ನು ಕೊನೆಯ ರೂಪಕ್ಕೆ ತರುವುದು ಬೇಗ ಹೇಳಿ ಮುಗಿಸುವಂಥದ್ದು. ಕೋನ ಸಿಕ್ಕ ಕೂಡಲೇ ‘ಗೆಟ್ ವ್ಯೂ’ ಕೊಟ್ಟು ಬಂದ ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ‘ಸೆಟ್ ವ್ಯೂ’ ಕೊಟ್ಟರೆ ಅದೇ ಕೋನ ಮತ್ತೆ ಬರುತ್ತದೆ. ಎರಡು ರಚನೆ ಹೋಲಿಸುವಾಗ ಇದಿಲ್ಲದೆ ಆಗುವುದಿಲ್ಲ. ಎಲ್ಲ ಆಜ್ಞೆಗಳನ್ನೂ ಒಂದು ಸ್ಕ್ರಿಪ್ಟ್ ಕಡತದಲ್ಲಿ ಇಟ್ಟರೆ, ಆರು ತಿಂಗಳ ಮೇಲೆ ಗೈಡು ಬಣ್ಣ ಬದಲಿಸಿ ಎಂದಾಗ ಒಂದು ಸಾಲು ತಿದ್ದಿದರೆ ಸಾಕು. ಮುದ್ರಣಕ್ಕೆ ಹಿನ್ನೆಲೆ ಬಿಳಿ ಇರಲಿ. ‘ಆರ್ಥೋಸ್ಕೋಪಿಕ್’ ಆನ್ ಮಾಡಿದರೆ ಹತ್ತಿರದ್ದು ದೊಡ್ಡದಾಗಿ, ದೂರದ್ದು ಸಣ್ಣದಾಗಿ ಕಾಣುವುದು ನಿಲ್ಲುತ್ತದೆ, ಅಳತೆ ಹೋಲಿಸಲು ಇದು ಮೇಲು. ಆಳ ತೋರಿಸಬೇಕಾದರೆ ‘ಡೆಪ್ತ್ ಕ್ಯೂ’ ಮಂಜು ಇರಲಿ, ಗಾಢ ನೆರಳು ಬೇಡ; ನೆರಳು ಬಿದ್ದ ಗುಳಿ ಕಪ್ಪು ಕಲೆಯಾಗುತ್ತದೆ. ಪತ್ರಿಕೆಯ ಒಂದು ಅಂಕಣ ಸುಮಾರು 8.5 ಸೆಂಟಿಮೀಟರ್ ಅಗಲ, 300 ಡಿಪಿಐ ಎಂದರೆ ಸುಮಾರು 1,000 ಪಿಕ್ಸೆಲ್. ಅದರ ದುಪ್ಪಟ್ಟು ಅಗಲಕ್ಕೆ ‘ರೇ’ ಕೊಟ್ಟು ಪಿಎನ್‌ಜಿಯಾಗಿ ಉಳಿಸಿ. ಸ್ಕ್ರೀನ್‌ಶಾಟ್ ಹೊಡೆದು ಕಳಿಸಬೇಡಿ.

ಅಡಿಬರಹ ಬರೆಯುವುದಕ್ಕೂ ಚಿತ್ರಕ್ಕೆ ಕೊಟ್ಟಷ್ಟೇ ಸಮಯ ಕೊಡಿ. ನೋಡಿದವರು ಅದೇ ಕಡತ ತೆರೆದು ಅದೇ ಜಾಗಕ್ಕೆ ಬರುವಂತಿರಬೇಕು, ನೀವು ಬಿಟ್ಟದ್ದೇನು ಎಂಬುದೂ ಅದರಲ್ಲಿರಬೇಕು. ನಾವೀಗ ಕಟ್ಟಿದ ಚಿತ್ರಕ್ಕೆ ನಾನು ಹೀಗೆ ಬರೆಯುತ್ತೇನೆ: ‘ಆಕ್ಸಿಜನ್ ಇಲ್ಲದ ಸಿಕಲ್ ಹಿಮೋಗ್ಲೋಬಿನ್‌ನ ಎರಡು ಅಣುಗಳು ತಾಕುವ ಜಾಗ. ಒಂದು ಅಣು ಕಾರ್ಟೂನಿನಲ್ಲಿ, ಇನ್ನೊಂದು ಸರ್ಫೇಸಿನಲ್ಲಿ. ಬೀಟಾ 6ನೇ ವ್ಯಾಲಿನ್ ಕಿತ್ತಳೆ ಗೋಲಗಳು, ಪಕ್ಕದ ಬೀಟಾ ಸರಪಳಿಯ 85ನೇ ಫಿನೈಲ್‌ಅಲನಿನ್, 88ನೇ ಲ್ಯೂಸಿನ್ ನೀಲಿ ಕಡ್ಡಿಗಳು. ನೀರು ಮತ್ತು ಹೀಮ್ ತೋರಿಸಿಲ್ಲ. ಪಿಡಿಬಿ 2ಎಚ್‌ಬಿಎಸ್, ಎಕ್ಸ್‌ರೇ, 2.05 ಆಂಗ್‌ಸ್ಟ್ರಮ್. ಚಿತ್ರ ಪೈಮಾಲ್‌ನಲ್ಲಿ ಮಾಡಿದ್ದು.’ ಮುಂದೆ ಆವೃತ್ತಿಯ ಅಂಕಿ ಸೇರಿಸಿ.